ಮೂರು ರಾತ್ರಿಯ ಮೈದಾನ

ಜೂನ್ ತಿಂಗಳ ಮೂರನೆಯ ಸೋಮವಾರ. ಫುಟ್‌ಬಾಲ್ ಲೀಗಿನಲ್ಲಿ ಹದಿನೆಂಟು ಪಂದ್ಯ ಮುಗಿದು ಇನ್ನು ಹನ್ನೆರಡು ಉಳಿದಿದ್ದವು. ಬಿಸಿಲು ಮೂಡಣದ ಗೋಡೆ ದಾಟಿ ಪಡುವಣದ ಗೋಲುಕಂಬಕ್ಕೆ ತಾಗುವ ಹೊತ್ತಿಗೆ ಮೈದಾನದ ಮೇಸ್ತ್ರಿ ಸೆಲೆದೋನಿಯೋ ಕೋಲ್ಕೆ ಮತ್ತು ಅವನ ಹೆಂಡತಿ ಬಾಸಿಲಿಯಾ ಇಪ್ಪತ್ತಾರನೆಯ ಟಾರ್ಪಾಲನ್ನು ಎತ್ತುತ್ತಿದ್ದರು. ಒಟ್ಟು ನಲವತ್ತೆರಡು ಇದ್ದವು. ಎಲ್ಲವೂ ಲಾರಿಗೆ ಹೊದಿಸುವ ಹಳೆಯ ಟಾರ್ಪಾಲುಗಳು. ಕ್ಲಬ್ಬಿನ ಅಧ್ಯಕ್ಷ ರೂಬೆನ್ ಅರಾನ್ಸಿಬಿಯಾನ ಲಾರಿ ಶೆಡ್ಡಿನಲ್ಲಿ ತೂತುಬಿದ್ದು ಮೂಲೆ ಸೇರಿದ್ದವನ್ನು ಸೆಲೆದೋನಿಯೋ ಕಾಡಿ ಬೇಡಿ ತಂದಿದ್ದ. ರಾತ್ರಿಯ ಮಂಜು ಹೆಪ್ಪುಗಟ್ಟಿ ಅವು ಒಣಗಿದ ಹಪ್ಪಳದ ಹಾಗೆ ಸೆಟೆದಿರುತ್ತಿದ್ದವು. ಮಡಿಸಿದರೆ ಸೀಳುತ್ತವೆ, ಎಳೆದರೆ ಹುಲ್ಲು ಕಿತ್ತುಕೊಂಡು ಬರುತ್ತದೆ. ಹಾಗಾಗಿ ಇಬ್ಬರೂ ಎರಡು ತುದಿ ಹಿಡಿದು, ಹೆಣ ಎತ್ತುವವರಂತೆ ಒಂದೇ ಸಮನೆ ಎತ್ತಿ, ಗೋಡೆಯ ಬದಿಗೆ ಒಯ್ಯಬೇಕಿತ್ತು.

“ಮನೇಲಿ ನನಗೊಂದು ನೆಟ್ಟಗಿರೋ ಕಂಬಳಿ ಇಲ್ಲ,” ಎಂದಳು ಬಾಸಿಲಿಯಾ. “ಹುಲ್ಲಿಗೆ ನಲವತ್ತೆರಡು ಹೊದಿಕೆ.”

“ಹುಲ್ಲು ಬಾಯಿಬಿಟ್ಟು ಕೇಳಲ್ಲ ನೋಡು, ಅದಕ್ಕೇ ಕೊಡ್ತೀನಿ.”

“ಹಂಗಾದ್ರೆ ನಾಳೆಯಿಂದ ನಾನೂ ಬಾಯಿ ಮುಚ್ಕೊಂಡಿರ್ತೀನಿ.”

“ಅದೊಂದು ಆಗ್ಲಿ, ಕಂಬಳಿ ತರೋದು ಕಷ್ಟ ಅಲ್ಲ.”

ನಾಲ್ಕು ಸಾವಿರ ಮೀಟರು ಎತ್ತರದ ಬಯಲಿನಲ್ಲಿ ಹುಲ್ಲನ್ನು ಹಸಿರಾಗಿ ಇಟ್ಟುಕೊಳ್ಳುವ ಕಷ್ಟ ವಿಲಾಪಂಪಾದಲ್ಲಿ ಸೆಲೆದೋನಿಯೋಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವನೇ ಮಂಡಿಯೂರಿ ಗೇಣು ಗೇಣಿಗೆ ಬೇರು ನೆಟ್ಟಿದ್ದ. ಬೇಸಿಗೆಯ ನಾಲ್ಕು ತಿಂಗಳು ಅದು ಹೇಗೋ ಹಸಿರಾಗಿರುತ್ತಿತ್ತು. ಮೇ ಕಳೆದು ಇಲ್ಲಿಯ ಚಳಿಗಾಲ ಬಂತೆಂದರೆ ಒಂದು ರಾತ್ರಿ ಸಾಕು, ಬೆಳಗಾಗುವಷ್ಟರಲ್ಲಿ ಮುದಿ ನಾಯಿಯ ಬೆನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಕ್ಲಬ್ಬು ಜಿಲ್ಲೆಯ ಆಟಗಳಲ್ಲಿದ್ದ ಕಾಲಕ್ಕೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಮೂರು ವರ್ಷದಿಂದ ದೊಡ್ಡ ಲೀಗಿನಲ್ಲಿ ಆಡುತ್ತಿತ್ತು. ದೊಡ್ಡ ಲೀಗಿಗೆ ಎಲ್ಲದಕ್ಕೂ ಒಂದು ನಮೂನೆ, ಒಂದು ಸಹಿ, ಒಂದು ಮೊಹರು ಬೇಕು.

ಹದಿನಾರು ತಂಡಗಳಲ್ಲಿ ವಿಲಾಪಂಪಾ ಹದಿನೈದನೆಯದು. ಕೊನೆಯ ಎರಡು ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಈ ವರ್ಷ ಗೆದ್ದ ಐದೂ ಪಂದ್ಯ ಸ್ವಂತ ಮೈದಾನದಲ್ಲಿ ಗೆದ್ದದ್ದು. ತಗ್ಗಿನ ಊರುಗಳಿಂದ ಬರುವ ಆಟಗಾರರು ಇಲ್ಲಿ ಇಪ್ಪತ್ತನೆಯ ನಿಮಿಷಕ್ಕೆ ಉಸಿರು ಸಿಗದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಇಲ್ಲಿಯವರು ತಗ್ಗಿಗೆ ಹೋದರೆ ಸೆಖೆಗೆ ಬೆಂದು ನಾಲ್ಕೋ ಐದೋ ಗೋಲು ಹೊತ್ತುಕೊಂಡು ಬರುತ್ತಿದ್ದರು. ಹೀಗಿರುವಾಗ ಲೀಗ್ ಕಚೇರಿಯಿಂದ ಕಾಗದ ಬಂದಿತ್ತು. ಶುಕ್ರವಾರ ಮೈದಾನದ ಪರೀಕ್ಷಕರು ಬರುತ್ತಾರೆ. ಹಸಿರು ಸಾಲದಿದ್ದರೆ ಇಲ್ಲಿ ಆಡಲು ಉಳಿದ ಆರು ಪಂದ್ಯಗಳನ್ನು ಕಣಿವೆಯ ನಗರದಲ್ಲಿ ಆಡಬೇಕು. ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಅಲ್ಲಿ ಎಲ್ಲರಿಗೂ ಚೆನ್ನಾಗಿ ಉಸಿರು ಸಿಗುತ್ತದೆ.

ಮೂವತ್ತನೆಯ ಟಾರ್ಪಾಲು ಎತ್ತುವಾಗ ಗೇಟು ಧಡಧಡ ಬಡಿಯಿತು.

ಸೆಲೆದೋನಿಯೋಗೆ ನೋಡದೆಯೇ ಗೊತ್ತಾಯಿತು. ಊರಿನಲ್ಲಿ ಗೇಟನ್ನು ಒದ್ದು ಬಡಿಯುವವರು ಇಬ್ಬರೇ: ಅಧ್ಯಕ್ಷ, ಇಲ್ಲವೇ ತನ್ನ ಸೋದರತ್ತೆ ಅಪೊಲೋನಿಯಾ. ಅಧ್ಯಕ್ಷ ಹತ್ತಕ್ಕೆ ಮೊದಲು ಏಳುವುದಿಲ್ಲ.

ಗೇಟಿನ ಆಚೆ ಇಪ್ಪತ್ತು ಲಾಮಾಗಳು, ಒಂದೊಂದರ ಬೆನ್ನಿಗೂ ಮೂಟೆ, ಐದು ಜನ ಹೆಂಗಸರು. ಅವರ ಮುಂದೆ ಎಪ್ಪತ್ತೊಂದು ವರ್ಷದ ಅತ್ತೆ, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ನಿಂತಿದ್ದಳು.

“ಏನಳಿಯಾ, ಬೀಗ ಯಾಕೆ? ಒಳಗೆ ಹೋರಿ ಕಟ್ಟಿದೀಯಾ?”

“ಅತ್ತೆ, ಈ ವಾರ ಆಗಲ್ಲ.”

“ಏನು ಆಗಲ್ಲ?”

“ಅದೇ, ನೀನು ಬಂದಿರೋ ಕೆಲಸ.”

“ನಿನ್ನ ಮುಖ ನೋಡಿ ಹೋಗಕ್ಕೆ ಬಂದೆ ಅಂತಿಟ್ಕೋ. ನೋಡಿದ್ದಾಯ್ತು. ಈಗ ಗೇಟು ತೆಗಿ.”

ಅವರು ಬಂದದ್ದು ಆಲೂಗಡ್ಡೆ ಹಾಸುವುದಕ್ಕೆ. ಅಗೆದ ಆಲೂಗಡ್ಡೆಯನ್ನು ವರ್ಷವಿಡೀ ಉಳಿಸಿಕೊಳ್ಳಬೇಕಾದರೆ ಅದನ್ನು ಚುನ್ಯೋ ಮಾಡಬೇಕು: ಮೂರು ರಾತ್ರಿ ಬಯಲಿನಲ್ಲಿ ಹರಡಿ ಚಳಿಗೆ ಕಲ್ಲಾಗಿಸಿ, ಹಗಲಿನ ಬಿಸಿಲಿಗೆ ಕರಗಿದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಆಮೇಲೆ ಒಣಗಿಸಬೇಕು. ಹಾಗೆ ಒಣಗಿದ್ದು ಹತ್ತು ವರ್ಷ ಇಟ್ಟರೂ ಕೆಡುವುದಿಲ್ಲ. ಅದಕ್ಕೆ ಬೇಕಾದದ್ದು ಸಮತಟ್ಟಾದ, ಗಿಡ್ಡ ಹುಲ್ಲಿನ ನೆಲ. ವಿಲಾಪಂಪಾದ ತೆಂಕಣದಲ್ಲಿ ನೆಲವೆಲ್ಲ ಉಪ್ಪು. ಉಪ್ಪಿನ ಮೇಲೆ ಹಾಸಿದ ಚುನ್ಯೋ ಬಾಯಿಗಿಡಲಾಗದಷ್ಟು ಕಹಿ. ಬಡಗಣದಲ್ಲಿ ಜೌಗು. ಉಳಿದ ಕಡೆ ಕಲ್ಲು, ಮುಳ್ಳು. ಹಿಂದಿನಿಂದಲೂ ಊರಿನವರು ಹಾಸುತ್ತಿದ್ದ ಒಂದೇ ಒಂದು ಬಯಲೆಂದರೆ ಈ ಮೈದಾನ.

ಮೂವತ್ತೆಂಟು ವರ್ಷದ ಹಿಂದೆ ಆಗಿನ ಅಧ್ಯಕ್ಷ, ಈಗಿನ ಅರಾನ್ಸಿಬಿಯಾನ ತಂದೆ, ಆ ಬಯಲನ್ನು ಕ್ಲಬ್ಬಿಗೆ ಕೇಳಿದ್ದ. ಊರಿನ ಮುಖ್ಯಸ್ಥನಾಗಿದ್ದವನು ಸೆಲೆದೋನಿಯೋನ ಅಪ್ಪ. ಇನ್ನೊಂದು ಕಡೆ ಕಲ್ಲು ಆಯ್ದು, ನೆಲ ಸಮಮಾಡಿಕೊಡುತ್ತೇವೆ ಎಂದು ಕ್ಲಬ್ಬು ಮಾತುಕೊಟ್ಟಿತು. ಅದಾಗುವ ತನಕ ಚಳಿಗಾಲದಲ್ಲಿ ವರ್ಷಕ್ಕೆ ಮೂರು ರಾತ್ರಿ ಮೈದಾನ ಊರಿನದು ಎಂದಾಯಿತು. ನೆಲ ಸಮಮಾಡುವ ಕೆಲಸ ಇವತ್ತಿಗೂ ಶುರುವಾಗಿರಲಿಲ್ಲ. ಹಿಂದಿನ ಎರಡು ವರ್ಷ ಜೂನ್ ತಿಂಗಳಲ್ಲಿ ಲೀಗಿಗೆ ರಜೆ ಇದ್ದುದರಿಂದ ತೊಂದರೆಯಾಗಿರಲಿಲ್ಲ. ಈ ವರ್ಷ ಲೀಗಿನವರು ರಜೆಯನ್ನೇ ತೆಗೆದುಹಾಕಿದ್ದರು.

“ಬೇರೆ ಎಲ್ಲಾದ್ರೂ ಹಾಸಬಾರ್ದಾ ಅತ್ತೆ, ಈ ಒಂದು ಸಲ?”

“ಎಲ್ಲಿ? ನಿನ್ನ ಮನೆ ಮಾಡಿನ ಮೇಲಾ?”

“ಶಾಲೆ ಅಂಗಳದಲ್ಲಿ.”

“ಸಿಮೆಂಟ್ ಮೇಲೆ ಹಾಸಿದ್ರೆ ಅರ್ಧ ಹೆಪ್ಪುಗಟ್ಟುತ್ತೆ, ಅರ್ಧ ಕೊಳೆಯುತ್ತೆ. ನಿಮ್ಮಮ್ಮ ನಿನಗೆ ಇದನ್ನೂ ಹೇಳಿಕೊಡಲಿಲ್ವಾ?” ಅತ್ತೆ ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ ಒಳಗೆ ನೋಡಿದಳು. “ಎಷ್ಟು ಚೆಂದ ಮಾಡಿಟ್ಟಿದೀಯ ನೋಡು. ಒಂದು ಕಲ್ಲಿಲ್ಲ, ಒಂದು ಗುಂಡಿ ಇಲ್ಲ. ಸುತ್ತ ಗೋಡೆ, ಹಂದಿ ಬರಲ್ಲ. ಇಡೀ ಸೀಮೆಯಲ್ಲಿ ಇಂಥ ಜಾಗ ಸಿಗಲ್ಲ. ಯಾರಿಗೆ ಅಂತ ಮಾಡಿದೆ ಮತ್ತೆ?”

ಸೆಲೆದೋನಿಯೋ ಹಣೆಯನ್ನು ಸರಳಿಗೆ ಆನಿಸಿದ. ಸರಳು ತಣ್ಣಗಿತ್ತು. ಕೊನೆಗೆ ಅವನು ಲೆಕ್ಕ ಹಾಕಿ ಹೇಳಿದ. ಶುಕ್ರವಾರ ಪರೀಕ್ಷಕರು ಬಂದು ಹೋಗಲಿ. ಈ ಭಾನುವಾರ ತಂಡ ಪರವೂರಿನಲ್ಲಿ ಆಡುತ್ತದೆ. ಇಲ್ಲಿ ಪಂದ್ಯ ಇರುವುದು ಅದರ ಮುಂದಿನ ಭಾನುವಾರ. ಶನಿವಾರ ಸಂಜೆಯಿಂದ ಮೂರು ರಾತ್ರಿ ಅತ್ತೆಗೆ. ಉಳಿದ ಐದು ದಿನದಲ್ಲಿ ನೀರು ಬಿಟ್ಟು, ಗೊಬ್ಬರ ಹಾಕಿ, ತಾನು ಹೇಗೋ ಹುಲ್ಲನ್ನು ಎಬ್ಬಿಸುತ್ತೇನೆ.

“ಚಳಿ ಏನು ನಿಮ್ಮ ಲೀಗಾ, ಕಾಗದ ಬರೆದ ದಿನಕ್ಕೆ ಬರಕ್ಕೆ?”

“ಮಾತು ಕೊಟ್ಟಿದೀನಲ್ಲ ಅತ್ತೆ.”

“ನಿಮ್ಮಪ್ಪನೂ ಕ್ಲಬ್ಬಿನ ಮಾತು ನಂಬ್ಕೊಂಡೇ ಸತ್ತ.”

“ಇದು ಕ್ಲಬ್ಬಿನ ಮಾತಲ್ಲ. ನನ್ನದು.”

ಅತ್ತೆ ಅವನ ಮುಖವನ್ನೇ ನೋಡಿ, ಸೊಂಟದ ಚೀಲದಿಂದ ಒಂದು ಹಿಡಿ ಕೋಕಾ ಎಲೆ ತೆಗೆದು ಸರಳಿನ ನಡುವೆ ಚಾಚಿದಳು. ಅವನು ತನ್ನ ಚೀಲದಿಂದ ಒಂದು ಹಿಡಿ ಅವಳಿಗೆ ಕೊಟ್ಟ. ಅಲ್ಲಿಗೆ ಕೊಟ್ಟ ಮಾತು ಗಟ್ಟಿಯಾದಂತೆ. ಅವರು ಲಾಮಾಗಳನ್ನು ಬಿಚ್ಚಿ, ಮೂಟೆಗಳನ್ನು ಗೋಡೆಯ ಹೊರಮೈಗೆ ಒಟ್ಟಿ, ಹುಲ್ಲು ಮುಚ್ಚಿ, ಇನ್ನೂ ಇಪ್ಪತ್ತು ಮೂಟೆ ತರಲು ಹೋದರು.

ಆ ವಾರ ಎಂಥ ಚಳಿ ಬಿತ್ತೆಂದರೆ ಬಕೆಟಿನ ನೀರು ತಳದ ತನಕ ಕಲ್ಲಾಗುತ್ತಿತ್ತು. ಮೋಡವಿಲ್ಲ, ಗಾಳಿಯಿಲ್ಲ, ಚುನ್ಯೋ ಮಾಡುವವರು ಹರಕೆ ಹೊತ್ತು ಕೇಳುವಂಥ ರಾತ್ರಿಗಳು. ಸೆಲೆದೋನಿಯೋ ಸಂಜೆ ಟಾರ್ಪಾಲು ಹಾಸಿ, ಬೆಳಿಗ್ಗೆ ಎತ್ತಿ, ಬಿಸಿಲೇರಿದ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸಿದ. ಅತ್ತೆ ದಿನಾ ಬೆಳಿಗ್ಗೆ ಗೇಟಿನ ಬಳಿ ಬಂದು ಕೂರುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಇವತ್ತೂ ಒಳ್ಳೆ ಚಳಿ. ಹುಲ್ಲಿಗೆ ನಿದ್ದೆ ಬಂತಾ?”

“ಬಂತು ಅತ್ತೆ.”

“ಬರ್ಲಿ ಪಾಪ. ಆಲೂಗಡ್ಡೆ ಮೊಳಕೆ ಬಿಡ್ತಾ ಇದೆ. ಅದಕ್ಕೂ ನಿದ್ದೆ ಬೇಕಿತ್ತು.”

ಅತ್ತೆಯ ಹಿಂದೆಯೇ ತಂಡದ ತರಬೇತುದಾರ ಇನ್ಸ್‌ಫ್ರಾನ್ ಬರುತ್ತಿದ್ದ. ಅವನು ಪರಾಗ್ವೆಯವನು, ಈ ವರ್ಷದ ಮೂರನೆಯ ತರಬೇತುದಾರ. ಬಂದು ಆರು ವಾರವಾಗಿದ್ದರೂ ಒಂದು ದಿನವೂ ಕೈಗವಸು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

“ನನ್ನ ಹುಡುಗರು ರಸ್ತೆ ಮೇಲೆ ಅಭ್ಯಾಸ ಮಾಡ್ತಿದಾರೆ ಮೇಸ್ತ್ರಿ. ಲಾರಿ ಬಂದಾಗ ಚೆಂಡು ಎತ್ಕೊಂಡು ಓಡ್ತಾರೆ. ಮೈದಾನ ಇರೋದು ಆಡಕ್ಕಾ, ಪೂಜೆಗಾ?”

“ಶುಕ್ರವಾರ ಆದ್ಮೇಲೆ ಎಷ್ಟಾದ್ರೂ ಆಡಿ.”

“ಶುಕ್ರವಾರ ಆದ್ಮೇಲೆ, ಶುಕ್ರವಾರ ಆದ್ಮೇಲೆ. ಈ ಊರಲ್ಲಿ ಮಗು ಹುಟ್ಟೋದೂ ಶುಕ್ರವಾರ ಆದ್ಮೇಲೇನೇ ಇರಬೇಕು.”

ಶುಕ್ರವಾರ ಪರೀಕ್ಷಕರು ಬಂದರು. ಸೆಖೆಯ ಸೀಮೆಯವರು, ಎರಡು ಜಾಕೀಟು ತೊಟ್ಟು, ಬಿಳುಚಿದ ತುಟಿಯಲ್ಲಿ ಕೋಕಾ ಕಷಾಯ ಹೀರುತ್ತ ಕಾರಿನಿಂದ ಇಳಿದರು. ಸೆಲೆದೋನಿಯೋ ಒಗೆದ ಅಂಗಿ ತೊಟ್ಟು, ಹಸಿರು ಹೇಗೆ ಉಳಿಸಿದೆ ಎಂದು ಕೇಳಿದರೆ ಹೇಳುವುದಕ್ಕೆ ಮಾತು ಜೋಡಿಸಿಕೊಂಡು ಹಿಂದೆ ಹಿಂದೆ ನಡೆದ. ಅಧ್ಯಕ್ಷ ಮುಂದೆ ನಡೆದ. ಪರೀಕ್ಷಕರು ಪಾಯಿಖಾನೆಗಳನ್ನು ಎಣಿಸಿದರು. ಒಂದರ ಮುಚ್ಚಳ ಇಲ್ಲದ್ದನ್ನು ಬರೆದುಕೊಂಡರು. ಆಂಬುಲೆನ್ಸು ಬರುವ ಬಾಗಿಲನ್ನು ಟೇಪಿನಲ್ಲಿ ಅಳೆದು, ಸಂಶಯ ಬಂದು ಮತ್ತೆ ಅಳೆದರು. ಎದುರಾಳಿಗಳ ಕೋಣೆಯಲ್ಲಿ ಬಿಸಿನೀರು ಬರುವ ತನಕ ಇಪ್ಪತ್ತು ನಿಮಿಷ ನಲ್ಲಿಯ ಮುಂದೆ ಕಾದರು. ಆಮೇಲೆ ಮೆಟ್ಟಿಲ ಮೇಲೆ ನಿಂತು ಮೈದಾನದ ಕಡೆ ಒಂದು ಫೋಟೋ ತೆಗೆದರು.

“ಕೆಳಗೆ ಬಂದು ನೋಡಿ ಸ್ವಾಮಿ,” ಎಂದ ಸೆಲೆದೋನಿಯೋ. “ನಡುವೆ ನಿಂತ್ರೆ ಗೊತ್ತಾಗುತ್ತೆ.”

“ಬೇಡಪ್ಪ, ತಲೆ ಸುತ್ತುತ್ತೆ.”

ನಮೂನೆಯಲ್ಲಿ ಅವರು ಬರೆದದ್ದನ್ನು ಸೆಲೆದೋನಿಯೋ ಅವರ ಹೆಗಲ ಮೇಲಿಂದ ಓದಿದ. ಹುಲ್ಲು ಎಂಬುದರ ಮುಂದೆ ‘ಇದೆ’ ಎಂದಿತ್ತು. ಅಷ್ಟೇ. ಮೈದಾನಕ್ಕೆ ಮಂಜೂರಾತಿ ಸಿಕ್ಕಿತು. ಪಾಯಿಖಾನೆಯ ಮುಚ್ಚಳಕ್ಕೆ ಹದಿನೈದು ದಿನದ ಗಡುವು ಸಿಕ್ಕಿತು.

ನಲವತ್ತೆರಡು ಟಾರ್ಪಾಲು, ಹನ್ನೊಂದು ರಾತ್ರಿ ಎಂದು ಅವನು ಮನಸ್ಸಿನಲ್ಲೇ ಗುಣಿಸಿಕೊಂಡ. ಎತ್ತಿದ್ದಕ್ಕೂ ಹಾಸಿದ್ದಕ್ಕೂ ಸೇರಿ ಬಂದ ಮೊತ್ತಕ್ಕೆ ಸಿಕ್ಕಿದ್ದು ಎರಡೇ ಅಕ್ಷರ. ಆದರೂ ಮನಸ್ಸು ಹಗುರವಾಯಿತು. ನಾಳೆ ಅತ್ತೆಗೆ ಗೇಟು ತೆರೆದರೆ ಇನ್ನು ತನ್ನ ತಲೆಯ ಮೇಲೆ ಏನೂ ಇಲ್ಲ.

ಸಂಜೆ ಐದಕ್ಕೆ ಅಧ್ಯಕ್ಷ ಮತ್ತೆ ಬಂದ. ಮುಖ ನೋಡಿದರೇ ಸುದ್ದಿ ಗೊತ್ತಾಗುವಂತಿತ್ತು.

“ಭಾನುವಾರದ ಪಂದ್ಯ ಇಲ್ಲ ಸೆಲೆದೋನಿಯೋ. ಅಲ್ಲಿ ಮೈದಾನವನ್ನ ಸಂಗೀತದವರಿಗೆ ಬಾಡಿಗೆ ಕೊಟ್ಟಿದಾರಂತೆ.”

“ಒಳ್ಳೇದೇ ಆಯ್ತಲ್ಲ ಯಜಮಾನ್ರೇ. ಒಂದು ವಾರ ಸೋಲು ತಪ್ತು.”

“ಅದಕ್ಕೆ ಬದಲಾಗಿ ಇಲ್ಲಿಯ ಮುಂದಿನ ಪಂದ್ಯವನ್ನ ಐದು ದಿನ ಮೊದಲಿಗೇ ಎಳೆದಿದಾರೆ. ಮಂಗಳವಾರ, ಮಧ್ಯಾಹ್ನ ಮೂರಕ್ಕೆ. ಟೀವಿಯೋರಿಗೆ ಆ ಹೊತ್ತು ಖಾಲಿ ಇದೆಯಂತೆ.”

“ಯಾವ ಮಂಗಳವಾರ?”

“ಇರೋದೊಂದೇ ಮಂಗಳವಾರ. ಬರೋದು.”

ಸೆಲೆದೋನಿಯೋ ಕೈಯಲ್ಲಿದ್ದ ಕುಂಟೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಮತ್ತೆ ಒರಗಿಸಿದ.

“ನಾನು ಶನಿವಾರದಿಂದ ಮೂರು ರಾತ್ರಿ ನಮ್ಮ ಅತ್ತೆಯವರಿಗೆ ಅಂತ ಹೇಳಿದೀನಿ.”

“ಬುಧವಾರದಿಂದ ಅಂತ ಹೇಳು. ಮೂರು ರಾತ್ರಿ ಯಾಕೆ, ಆರು ರಾತ್ರಿ ತಗೊಳ್ಲಿ. ಮಂಗಳವಾರ ಸೋತ್ರೆ ಕೊನೇ ಜಾಗಕ್ಕೆ ಬೀಳ್ತೀವಿ. ಟೀವಿಯಲ್ಲಿ ಬರುತ್ತೆ ಬೇರೆ. ಹೆಂಗಸರು ಲಂಗ ಎತ್ಕೊಂಡು ಮೈದಾನದಲ್ಲಿ ಆಲೂಗಡ್ಡೆ ತುಳೀತಿದ್ರೆ ದೇಶವೆಲ್ಲ ನಗುತ್ತೆ.”

“ಕೊಟ್ಟ ಮಾತು ಯಜಮಾನ್ರೇ. ನಿಮ್ಮ ತಂದೆಯೋರೇ–”

“ನಮ್ಮಪ್ಪ ಕೊಟ್ಟ ಮಾತು ಪಟ್ಟಿ ಮಾಡಿದ್ರೆ ನಾನು ಲಾರಿ ಎಲ್ಲ ಮಾರಬೇಕಾಗುತ್ತೆ. ಟಾರ್ಪಾಲು ಹಾಸು. ಗೇಟಿಗೆ ಬೀಗ ಇರ್ಲಿ.”

ಶನಿವಾರ ಮಧ್ಯಾಹ್ನ ಸೆಲೆದೋನಿಯೋ ಮೂಟೆಗಳ ಬಳಿಗೆ ಹೋದ. ಅತ್ತೆ ಒಂದು ಮೂಟೆಯ ಬಾಯಿ ಬಿಚ್ಚಿ ಮೊಳಕೆ ಮುರಿಯುತ್ತಿದ್ದಳು. ಅವನು ಹೇಳಿ ಮುಗಿಸುವ ತನಕ ತಲೆಯೆತ್ತಲಿಲ್ಲ. ಮುಗಿದ ಮೇಲೆ ಗದ್ದ ಎತ್ತಿ ಪಡುವಣದ ಕಡೆ ತೋರಿಸಿದಳು. ಬೆಟ್ಟದ ಸಾಲಿನ ಮೇಲೆ ಬಾಚಿದ ಉಣ್ಣೆಯಂಥ ತೆಳು ಮೋಡ ಎದ್ದಿತ್ತು.

“ನೋಡಿದ್ಯಾ?”

“ನೋಡ್ದೆ.”

“ಮಂಗಳವಾರ ಹಿಮ ಬೀಳುತ್ತೆ. ಅದಾದ ಮೇಲೆ ಮೋಡ ಹದಿನೈದು ದಿನ ಜಾಗ ಬಿಡಲ್ಲ, ಚಳಿ ಕೂರಲ್ಲ. ಇದನ್ನೆಲ್ಲ ಹಂದಿಗೆ ಹಾಕಬೇಕು. ಆರು ಮನೆಯವರ ವರ್ಷದ ಸಾರು ಇದು.” ಅವಳು ಮುರಿದ ಮೊಳಕೆಯನ್ನು ಬಿಸಾಡಿದಳು. “ನಾನು ಗೇಟು ಮುರಿಯಲ್ಲ. ಅರಾನ್ಸಿಬಿಯಾನ ಹತ್ರ ಹೋಗಿ ಜಗಳ ಆಡಲ್ಲ. ಮಾತು ಕೊಟ್ಟಿದ್ದು ನೀನು.”

“ನಾನೇನು ಮಾಡ್ಲಿ ಅತ್ತೆ? ಲೀಗನ್ನ ನಾನು ನಡೆಸ್ತಿದೀನಾ? ಟೀವಿ ನಾನು ನಡೆಸ್ತಿದೀನಾ? ಎಲ್ರೂ ನನ್ನ ತಲೆ ಮೇಲೇ ಯಾಕೆ ಕೂರ್ತೀರ?”

“ಬೇರೆಯವರ ತಲೆ ಅಷ್ಟು ಸಮತಟ್ಟಾಗಿಲ್ಲ ನೋಡು,” ಎಂದಳು ಅತ್ತೆ. ಉಳಿದ ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ.

ಅವನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಸಂಗೀತದವರ ಮೇಲೆ, ಟೀವಿಯವರ ಮೇಲೆ, ಮುಚ್ಚಳದ ಮೇಲಿನ ಅಕ್ಕರೆಯನ್ನು ಹುಲ್ಲಿನ ಮೇಲೆ ತೋರದ ಪರೀಕ್ಷಕರ ಮೇಲೆ, ಮೂವತ್ತೆಂಟು ವರ್ಷದಲ್ಲಿ ಒಂದು ದಿನ ಬುಲ್ಡೋಜರ್ ಕಳಿಸಲಾಗದ ಲಾರಿ ಮಾಲೀಕರ ಮೇಲೆ, ಚಳಿಯನ್ನು ಕೂಗಿ ಕರೆಯುವ ಅತ್ತೆಯ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಕೋಕಾ ಎಲೆ ಕೈಗೆ ತೆಗೆದುಕೊಂಡ ತನ್ನ ಮೇಲೆ. ಅಪ್ಪ ಕ್ಲಬ್ಬನ್ನು ನಂಬಿ ಬಯಲು ಕೊಟ್ಟ. ಊರಿನವರು ಅಪ್ಪನನ್ನು ಕೊನೆಯ ತನಕ ಮುಖಕ್ಕೆ ಏನೂ ಅನ್ನಲಿಲ್ಲ. ಆದರೆ ಚುನ್ಯೋ ಹಾಸುವ ದಿನ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಆ ಮೂರು ದಿನ ಅಪ್ಪ ಮನೆಯ ಹಿತ್ತಲಲ್ಲಿ ಇಲ್ಲದ ಕೆಲಸ ಹುಡುಕಿಕೊಂಡಿರುತ್ತಿದ್ದುದು ಅವನಿಗೆ ನೆನಪಿತ್ತು.

ಸಂಜೆ ಅವನೂ ಬಾಸಿಲಿಯಾಳೂ ಎರಡು ಗೋಲಿನ ಮುಂದೆ ಟಾರ್ಪಾಲು ಹಾಸಿ ನಡುಭಾಗಕ್ಕೆ ಬಂದರು. ಹದಿನೇಳನೆಯದನ್ನು ಬಿಡಿಸಿ ಹಿಡಿದು ಅವನು ಅಲ್ಲೇ ನಿಂತುಬಿಟ್ಟ. ಬಿಸಿಲು ಹೋಗಿ ನೆಲದಿಂದ ತಣುಪು ಏಳುತ್ತಿತ್ತು.

“ಹಾಸ್ತೀಯೋ ಇಲ್ವೋ?” ಎಂದಳು ಬಾಸಿಲಿಯಾ. “ನನ್ನ ಕೈ ಮರಗಟ್ತಾ ಇದೆ.”

“ಹಾಸಿದ್ರೆ ಹುಲ್ಲು ಉಳಿಯುತ್ತೆ.”

“ಉಳಿಯುತ್ತೆ. ಅದನ್ನ ಸಾರಿಗೆ ಹಾಕ್ಕೊಂಡು ತಿನ್ನೋಣ.”

ಅವನು ತನ್ನ ತುದಿಯನ್ನು ಕೆಳಗೆ ಬಿಟ್ಟ. ಗೇಟಿನ ಕಡೆ ಹೋಗುವಾಗ ಉದ್ದಕ್ಕೂ ಗೊಣಗುತ್ತಲೇ ಹೋದ. ಬೀಗ ತೆಗೆದು, ಮೂಟೆಗಳ ಮೇಲೆ ಕೂತಿದ್ದ ಹೆಂಗಸರಿಗೆ, “ಬನ್ನಿ, ಬನ್ನಿ, ಹಾಳುಮಾಡಿ ಬನ್ನಿ,” ಎಂದ. “ಗೋಲಿನ ಮುಂದೆ ಟಾರ್ಪಾಲಿದೆ, ಅದರ ಮೇಲೆ ಹತ್ತಬೇಡಿ. ಸುಣ್ಣದ ಗೆರೆ ತುಳೀಬೇಡಿ. ನಡುವಿನ ವೃತ್ತದಲ್ಲಿ ಆದಷ್ಟು ಕಮ್ಮಿ ಹಾಸಿ.”

“ಆಯ್ತಪ್ಪ,” ಎಂದಳು ಅತ್ತೆ, ಮೊದಲನೆಯ ಮೂಟೆಯನ್ನು ನಡುವಿನ ವೃತ್ತದಲ್ಲೇ ಸುರಿಯುತ್ತ.

ಭಾನುವಾರ ಬೆಳಿಗ್ಗೆ ಮೈದಾನದ ತುಂಬ ಆಲೂಗಡ್ಡೆ ಹೊಳೆಯ ಕಲ್ಲಿನ ಹಾಗೆ ಬಿದ್ದಿತ್ತು. ಒಂದನ್ನೊಂದು ತಾಗಿಸಿದರೆ ಟಣ್ ಎನ್ನುತ್ತಿದ್ದವು. ನಡುನಡುವೆ ಕಂಡ ಹುಲ್ಲು ಬೆಳ್ಳಗೆ ಸೆಟೆದಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಅವನ್ನು ಸಣ್ಣ ಗುಡ್ಡೆಗಳಾಗಿ ಗುಡಿಸಿ, ಲಂಗ ಮೊಣಕಾಲಿಗೆ ಎತ್ತಿಕಟ್ಟಿ, ಹಿಮ್ಮಡಿಯಿಂದ ತಿರುಗಿಸಿ ತಿರುಗಿಸಿ ತುಳಿದರು. ಕಪ್ಪು ನೀರು ಹರಿದು ಸುಣ್ಣದ ಗೆರೆಗಳನ್ನು ಅಳಿಸಿತು. ಸೆಲೆದೋನಿಯೋ ಮೆಟ್ಟಿಲ ಮೇಲೆ ಕೂತು ನೋಡಿದ. ಐದು ನಿಮಿಷ ನೋಡಿ, ಅವರು ಎಡಬದಿಯ ಅಂಚಿನಲ್ಲಿ ಹುಲ್ಲು ಕಿತ್ತು ಬರುವ ಹಾಗೆ ತುಳಿಯುವುದನ್ನು ತಾಳಲಾರದೆ, ಬೂಟು ಬಿಚ್ಚಿ ತಾನೇ ಇಳಿದ.

“ಹಿಂಗಲ್ಲ, ಹಗುರಕ್ಕೆ. ಭಾರ ಆಲೂಗಡ್ಡೆ ಮೇಲಿರ್ಲಿ, ನೆಲದ ಮೇಲಲ್ಲ.”

“ನನಗೆ ಹೇಳಿಕೊಡ್ತಾನೆ ನೋಡ್ರೇ,” ಎಂದಳು ಅತ್ತೆ. “ಅರವತ್ತು ವರ್ಷದಿಂದ ತುಳೀತಿರೋಳಿಗೆ.”

ಆ ಹೊತ್ತಿಗೆ ಅಧ್ಯಕ್ಷ ಬಂದ. ಮೈದಾನವನ್ನೂ, ಮೊಣಕಾಲಿನ ತನಕ ಪ್ಯಾಂಟು ಮಡಿಸಿ ಗುಡ್ಡೆಯ ಮೇಲೆ ನಿಂತಿದ್ದ ತನ್ನ ಮೇಸ್ತ್ರಿಯನ್ನೂ ನೋಡಿದ. ಅವನು ಕೂಗಾಡಲಿಲ್ಲ. ಕೂಗಾಡುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲವೆಂದು ಕಾಣುತ್ತದೆ.

“ಬುಧವಾರ ಬೆಳಿಗ್ಗೆ ಬೀಗದ ಕೈ ಶೆಡ್ಡಿಗೆ ತಂದು ಕೊಡು,” ಎಂದ.

“ಕೊಡ್ತೀನಿ ಯಜಮಾನ್ರೇ. ಮಂಗಳವಾರ ಗೆರೆ ಯಾರು ಹಾಕೋದು?”

ಅಧ್ಯಕ್ಷ, “ನೀನೇ ಹಾಕು,” ಎಂದು ತಿರುಗಿ ಹೋದ. ಅವನ ಬೆನ್ನಿಗೆ ಅತ್ತೆ, “ರೂಬೆನ್, ನಿಮ್ಮಪ್ಪ ಸಮ ಮಾಡಿಸಿಕೊಡ್ತೀನಿ ಅಂದ ಜಾಗ ಯಾವ ಕಡೆ ಬರುತ್ತಪ್ಪ?” ಎಂದಳು. ಅವನು ಕೇಳಿಸದವನಂತೆ ನಡೆದ.

ಮಂಗಳವಾರ ಬೆಳಿಗ್ಗೆ ಕೊನೆಯ ಸಲ ತುಳಿದು, ಬಾಚಿ, ಹೆಂಗಸರು ಅಂಗಳಗಳಲ್ಲಿ ಒಣಗಿಸಲು ಎಲ್ಲವನ್ನೂ ಹೊತ್ತೊಯ್ದರು. ಹನ್ನೊಂದಕ್ಕೆ ಸೆಲೆದೋನಿಯೋ ಸುಣ್ಣ ಕಲಸಿದ. ಎರಡು ಗೋಲಿನ ಮುಂದೆ ಎರಡು ಹಸಿರು ಚೌಕ. ಉಳಿದದ್ದೆಲ್ಲ ಹಳದಿ, ನಡುನಡುವೆ ಕಂದು. ಅವನು ಗೆರೆಗಳನ್ನು ಎಂದಿಗಿಂತ ದಪ್ಪಗೆ ಎಳೆದ. ಕಣ್ಣು ಬಿಳಿಯ ಮೇಲೆ ಹೋದರೆ ಹಳದಿ ಕಾಣುವುದಿಲ್ಲ ಎಂದು ಅವನ ಅಂದಾಜು.

ಮೂರಕ್ಕೆ ಪಂದ್ಯ ಶುರುವಾದಾಗ ಪಡುವಣದ ಬೆಟ್ಟ ಕಾಣುತ್ತಿರಲಿಲ್ಲ. ಎದುರಾಳಿಗಳು ಅಂಕಪಟ್ಟಿಯಲ್ಲಿ ನಾಲ್ಕನೆಯವರು, ತಗ್ಗಿನವರು. ಅವರ ನಾಯಕ ನೆಲವನ್ನು ಮುಟ್ಟಿ, ಬೆರಳು ಮೂಸಿ, ರೆಫ್ರಿಗೆ ಏನೋ ಹೇಳಿದ. ರೆಫ್ರಿಯೂ ಮೂಸಿದ. ನಿಯಮದ ಪುಸ್ತಕದಲ್ಲಿ ವಾಸನೆಯ ಬಗ್ಗೆ ಏನೂ ಇರಲಿಲ್ಲವೋ ಏನೋ, ಸೀಟಿ ಊದಿದ. ಹದಿನಾಲ್ಕನೆಯ ನಿಮಿಷದಲ್ಲಿ ಸಹಾಯಕ ರೆಫ್ರಿ ಅಂಚಿನಲ್ಲಿ ಒಂದು ಆಲೂಗಡ್ಡೆ ಹೆಕ್ಕಿ ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತ. ಮೆಟ್ಟಿಲ ಮೇಲಿಂದ ಅತ್ತೆ, “ಅದು ನಮ್ಮದು ಕಣಪ್ಪ, ಇಲ್ಲಿಗೆ ಎಸಿ,” ಎಂದಳು. ಅವನು ಎಸೆದ.

ಇಪ್ಪತ್ತಾರನೆಯ ನಿಮಿಷದಲ್ಲಿ ವಿಲಾಪಂಪಾದ ಮುಂಚೂಣಿ ಆಟಗಾರನೊಬ್ಬ ದೂರದಿಂದ ಒದ್ದ ಚೆಂಡು ಒಣ ನೆಲದ ಮೇಲೆ ಎರಡು ಸಲ ಪುಟಿದು ಗೋಲ್‌ಕೀಪರನ ಕೈ ಮೀರಿ ಬಲೆಯೊಳಗೆ ಹೋಯಿತು. ಮೆಟ್ಟಿಲುಗಳು ಎದ್ದು ನಿಂತವು. ಅ‌ಧ್ಯಕ್ಷ ಪಕ್ಕದಲ್ಲಿ ಯಾರಿದ್ದಾರೆಂದು ನೋಡದೆ ಅಪ್ಪಿಕೊಂಡ. ಅಪ್ಪಿಕೊಂಡಿದ್ದು ಸೆಲೆದೋನಿಯೋನನ್ನು ಎಂದು ತಿಳಿದು ಬಿಟ್ಟ.

ಮೂವತ್ತೊಂದನೆಯ ನಿಮಿಷಕ್ಕೆ ಹಿಮ ಶುರುವಾಯಿತು. ಮೊದಲು ಒಂದೊಂದೇ ಎಸಳು, ಆಮೇಲೆ ಹಿಟ್ಟಿನ ಚೀಲ ಒಡೆದ ಹಾಗೆ. ಸುಣ್ಣದ ಗೆರೆ ಯಾವುದು, ಹಿಮ ಯಾವುದು ತಿಳಿಯದಾಯಿತು. ರೆಫ್ರಿ ಇಪ್ಪತ್ತು ನಿಮಿಷ ಕಾದು, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದ. ಸಂಜೆ ಲೀಗ್ ಕಚೇರಿಯಿಂದ ಫೋನು ಬಂತು: ಗೋಲು ಲೆಕ್ಕಕ್ಕಿದೆ, ಉಳಿದ ಐವತ್ತೊಂಬತ್ತು ನಿಮಿಷವನ್ನು ಹನ್ನೆರಡು ದಿನದ ನಂತರ ಇದೇ ಮೈದಾನದಲ್ಲಿ ಆಡತಕ್ಕದ್ದು, ಅಷ್ಟರಲ್ಲಿ ಮೈದಾನ ಹಸಿರಾಗಿರತಕ್ಕದ್ದು.

ಬುಧವಾರ ಬೆಳಿಗ್ಗೆ ಸೆಲೆದೋನಿಯೋ ಬೀಗದ ಕೈ ಹಿಡಿದು ಶೆಡ್ಡಿಗೆ ಹೋದ. ಅಧ್ಯಕ್ಷ ಅದನ್ನೂ ಅವನನ್ನೂ ನೋಡಿದ.

“ಹನ್ನೆರಡು ದಿನದಲ್ಲಿ ಹಸಿರಾಗುತ್ತಾ?”

“ನನ್ನ ಕೈಯಲ್ಲಾದ್ರೆ ಅರ್ಧ ಆಗುತ್ತೆ. ಬೇರೆಯವರ ಕೈಯಲ್ಲಿ ಗೊತ್ತಿಲ್ಲ.”

“ಬೀಗದ ಕೈ ಜೇಬಲ್ಲಿಟ್ಕೋ. ಹೋಗು, ಹಿಮ ತೆಗಿ.”

ಅಂಗಳಗಳ ಚುನ್ಯೋ ಒಣಗಲು ಒಂಬತ್ತು ದಿನ ಹಿಡಿಯಿತು. ಮೋಡ ಇತ್ತು, ಆದರೆ ಗಾಳಿ ಒಣಗಾಳಿ. ಹತ್ತನೆಯ ದಿನ ಮಧ್ಯಾಹ್ನ ಅತ್ತೆ ಒಂದು ಪುಟ್ಟ ಮೂಟೆ ಹೊತ್ತು ಮೈದಾನಕ್ಕೆ ಬಂದಳು. ಸೆಲೆದೋನಿಯೋ ಮಂಡಿಯೂರಿ, ಗೋಲಿನ ಮುಂದಿನ ಹಸಿರಿನಿಂದ ಬೇರು ಕಿತ್ತು ನಡುವಿನ ವೃತ್ತದಲ್ಲಿ ನೆಡುತ್ತಿದ್ದ.

“ತಗೋ. ಹಾಸಿದ ನೆಲದವರ ಪಾಲು.”

“ಇಡು ಅಲ್ಲಿ.”

“ನೀನು ಹೇಳಿದ ಮೂರು ರಾತ್ರಿ ಬಂತು. ನಿನ್ನ ಮೇಲೆ ಏನೂ ಇಲ್ಲ.” ಅವಳು ಟೋಪಿ ಸರಿಮಾಡಿಕೊಂಡಳು. “ಈಗ ಏಳು. ಅರಾನ್ಸಿಬಿಯಾನ ಹತ್ರ ಹೋಗೋಣ. ಅವರಪ್ಪನ ಜಾಗ ಕೇಳಬೇಕು.”

“ನೀನು ಹೋಗಿ ಕೇಳು ಅತ್ತೆ. ನನಗೆ ಕೆಲಸ ಇದೆ.”

“ಸಾಕ್ಷಿ ಬೇಡ್ವಾ? ಮುಖ್ಯಸ್ಥನ ಮಗ ಅಂತ ಇರೋನು ನೀನೊಬ್ನೇ.”

“ಎರಡು ದಿನದಲ್ಲಿ ಪಂದ್ಯ ಇದೆ.”

“ಪಂದ್ಯ ಯಾವಾಗ ಇರಲ್ಲ ನಿಂದು?”

ಅವನು ಕೈಯಲ್ಲಿದ್ದ ಬೇರನ್ನು ನೆಟ್ಟು, ಮಣ್ಣು ಒತ್ತಿ, ಎದ್ದ. ಶೆಡ್ಡಿನಲ್ಲಿ ಒಬ್ಬ ಮೆಕ್ಯಾನಿಕ್ ಮಾತ್ರ ಇದ್ದ. ಯಜಮಾನರು ಲೀಗಿನ ಸಭೆಗೆ ನಗರಕ್ಕೆ ಹೋಗಿದ್ದಾರೆ, ಇವತ್ತು ಬರುತ್ತಾರೋ ನಾಳೆಯೋ ತನಗೆ ತಿಳಿಯದು ಎಂದ. ಅತ್ತೆ ಒಂದು ಲಾರಿ ಟಯರನ್ನು ಲಂಗದ ಅಂಚಿನಿಂದ ಒರಸಿ ಅದರ ಮೇಲೆ ಕೂತಳು.

“ಅತ್ತೆ, ಬಾ, ಇನ್ನೊಂದು ದಿನ ಬರೋಣ.”

“ಬರೋ ತನಕ ಇರ್ತೀನಿ. ಮೂವತ್ತೆಂಟು ವರ್ಷ ಕಾದಿದೀವಿ, ಒಂದು ಸಂಜೆ ಹೆಚ್ಚಾ?”

“ಬಿಸಿಲು ಇಳೀತಿದೆ. ನಾನು ಟಾರ್ಪಾಲು ಹಾಸಬೇಕು.”

“ಹಾಸುವಿಯಂತೆ. ಕೂತ್ಕೋ.”

ಸೆಲೆದೋನಿಯೋ ಪಡುವಣವನ್ನು ನೋಡಿದ. ಮೋಡ ಹರಿದು ಆಕಾಶ ತಿಳಿಯಾಗುತ್ತಿತ್ತು. ರಾತ್ರಿ ಚಳಿ ಕೂರುವುದು ಖಂಡಿತ. ಬಾಸಿಲಿಯಾ ಒಬ್ಬಳೇ ಒಂದು ತುದಿ ಹಿಡಿದು ನಿಂತು ತನ್ನನ್ನು ಬೈಯುತ್ತಿರುತ್ತಾಳೆ. ಅವನು ಇನ್ನೊಂದು ಟಯರು ಎಳೆದುಕೊಂಡು ಅತ್ತೆಯ ಪಕ್ಕದಲ್ಲಿ ಕೂತ.